ಹಿತ್ತಲ ಮಾತು: ಕಿತ್ತಷ್ಟೂ ಹುಟ್ಟುವ ಗಿಡಗಳು

ಮಳೆ ಹಿಡಿದ ಮೇಲೆ ನನಗೆ ಬರುವ ಪತ್ರಗಳ ರಾಗವೇ ಬದಲಾಗುತ್ತದೆ. ಬೇಸಿಗೆಯಲ್ಲಿ ‘ಗಿಡ ಒಣಗುತ್ತಿದೆ, ಏನು ಮಾಡಲಿ’ ಎನ್ನುತ್ತಿದ್ದವರೇ ಈಗ ‘ಗಿಡ ಸಾಯುತ್ತಿಲ್ಲ, ಏನು ಮಾಡಲಿ’ ಎನ್ನುತ್ತಾರೆ. ಈ ತಿಂಗಳ ಕಟ್ಟಿನಲ್ಲಿ ಅರ್ಧಕ್ಕರ್ಧ ಅಂಥವೇ. ಕೆಲವನ್ನು ಆರಿಸಿಕೊಂಡಿದ್ದೇನೆ. ಕೊನೆಯದು ನನ್ನನ್ನೇ ಬೈದು ಬರೆದದ್ದು, ಅದನ್ನೂ ಬಿಟ್ಟಿಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದೆ ಹಳದಿ ಹೂ ಬಿಡುವ, ನೆಲಕ್ಕಂಟಿ ಹಬ್ಬುವ ಗಿಡವೊಂದನ್ನು ನರ್ಸರಿಯಿಂದ ತಂದು ನೆಟ್ಟೆ. ಈಗ ತೆಂಗಿನ ಬುಡ, ಬಾವಿಕಟ್ಟೆ, ಚರಂಡಿ ಎಲ್ಲ ಅದರದ್ದೇ. ಹುಲ್ಲು ಹೊಡೆಯುವ ಮೆಷಿನ್ನಿನಲ್ಲಿ ಎರಡು ಸಲ ಕತ್ತರಿಸಿದರೆ ಇನ್ನೂ ದಟ್ಟವಾಗಿ ಬಂತು. ಪಕ್ಕದ ಮನೆಯವರು ‘ಇದು ಭೃಂಗರಾಜ, ಎಣ್ಣೆ ಕಾಯಿಸಿ’ ಎನ್ನುತ್ತಾರೆ. ಫೋಟೊ ಇಟ್ಟಿದ್ದೇನೆ.
– ಗೃಹಿಣಿ, ಸುರತ್ಕಲ್

ಉತ್ತರ: ಫೋಟೊ ನೋಡುವ ಮೊದಲೇ ಗೊತ್ತಾಯಿತು. ಇದು ವೆಡೇಲಿಯಾ. ಕೆಲವರು ಸಿಂಗಾಪುರ ಡೈಸಿ ಎನ್ನುತ್ತಾರೆ, ಆದರೆ ಸಿಂಗಾಪುರಕ್ಕೂ ಇದಕ್ಕೂ ಹುಟ್ಟಿನ ಸಂಬಂಧ ಇಲ್ಲ. ತವರು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದೂ ಕೂತಿದೆ. ಹಾಗಿದ್ದೂ ‘ನೀರು ಕೇಳುವುದಿಲ್ಲ, ಆರೈಕೆ ಬೇಡ’ ಎಂದು ಮಾರುತ್ತಾರೆ. ಆರೈಕೆ ಬೇಡದ ಗಿಡ ಎಂದು ಯಾರಾದರೂ ಹೊಗಳಿದರೆ ನಾನೀಗ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಯಾಕೆಂದರೆ ನಾನೂ ತಂದವಳೇ. 2009ರ ಮಳೆಗೆ ನಮ್ಮ ಮನೆ ಹಿಂದಿನ ದರೆ ಕುಸಿದು ಬಚ್ಚಲಿನ ಗೋಡೆಯವರೆಗೆ ಮಣ್ಣು ಬಂದಿತ್ತು. ಬೆಂಗಳೂರಿನಿಂದ ಬಂದ ನಾದಿನಿಯ ಮಗಳು ಒದ್ದೆ ಪೇಪರಿನಲ್ಲಿ ಸುತ್ತಿದ ಮೂರು ತುಂಡು ಕೊಟ್ಟಳು. ‘ಅತ್ತೆ, ಇದು ಮಣ್ಣು ಹಿಡಿಯುತ್ತೆ.’ ಹಿಡಿಯಿತು, ಸುಳ್ಳಲ್ಲ. ಮೂರನೆಯ ಮಳೆಗಾಲಕ್ಕೆ ದರೆಯೆಲ್ಲ ಹಸಿರು, ಮೇಲೆ ಹಳದಿ ಹೂವಿನ ಚುಕ್ಕಿ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಒಂದು ದಿನ ಅತ್ತೆ ಬೆಳಿಗ್ಗೆ ತಂಬುಳಿಗೆಂದು ಒಂದೆಲಗ ಕೊಯ್ಯಲು ಹೋಗಿ ಖಾಲಿ ಬಟ್ಟಲು ಹಿಡಿದು ಬಂದರು. ಬಚ್ಚಲ ನೀರು ಹರಿಯುವ ಕಡೆ ನಲವತ್ತು ವರ್ಷದಿಂದ ತಾನೇ ತಾನಾಗಿ ಇದ್ದ ಒಂದೆಲಗ. ಅದರ ಮೇಲೆ ಮೊಣಕಾಲೆತ್ತರ ಈ ಗಿಡ. ಅತ್ತೆ ಬೈಯಲಿಲ್ಲ. ಬಟ್ಟಲನ್ನು ತೊಳೆದು ಕವುಚಿ ಇಟ್ಟರು. ಅದೇ ಬೈಗುಳ.

ಮೆಷಿನ್ನು ಹೊಡೆಸುವ ತಪ್ಪನ್ನೂ ನಾನು ನಿಮಗಿಂತ ಮೊದಲೇ ಮಾಡಿದ್ದೇನೆ. ಹೊಡೆಸಿದ ವಾರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬೆಂಕಿಕಡ್ಡಿಯಷ್ಟುದ್ದದ ತುಂಡು, ಅದರ ನಡುವೆ ಒಂದು ಗಂಟು, ಗಂಟಿನ ಅಡಿಯಿಂದ ಸೂಜಿಮೊನೆಯಂಥ ಎರಡು ಬಿಳಿ ಬೇರು, ಮೇಲಕ್ಕೆ ಜೋಡಿ ಎಲೆ. ಅಂಥ ತುಂಡು ಅಂಗೈಯಗಲದ ಜಾಗದಲ್ಲಿ ಏಳೋ ಎಂಟೋ ಇದ್ದವು. ಇದು ಬೀಜಕ್ಕಿಂತ ಕಾಂಡವನ್ನೇ ನೆಚ್ಚಿಕೊಂಡ ಗಿಡ. ಗಂಟಿದ್ದ ಕಡೆಯೆಲ್ಲ ಬೇರು. ಮೆಷಿನ್ನು ಅದನ್ನು ಕೊಲ್ಲುವುದಿಲ್ಲ, ನಾಟಿ ಮಾಡುತ್ತದೆ.

ಈಗ ಕೆಲಸಕ್ಕೆ ಬನ್ನಿ. ಸುರಿಯುವ ಮಳೆಯಲ್ಲಿ ಕೈ ಹಾಕಬೇಡಿ, ಉದುರಿದ ತುಂಡೆಲ್ಲ ಬದುಕುತ್ತದೆ. ಸ್ವಾತಿ ಮಳೆ ಮುಗಿದು ಬಿಸಿಲು ಕಾಣುವ ಹೊತ್ತಿಗೆ ಶುರು ಮಾಡಿ. ಆಗ ಮಣ್ಣಿನಲ್ಲಿ ಹಸಿ ಇರುತ್ತದೆ, ಮೇಲೆ ಒಣಗಿಸಲು ಬಿಸಿಲೂ ಇರುತ್ತದೆ. ಅಂಚಿನಿಂದ ಒಳಕ್ಕೆ ಹೋಗಿ. ಬೇರು ಆಳದ್ದಲ್ಲ. ಗುದ್ದಲಿಯನ್ನು ಓರೆಯಾಗಿ ತೂರಿಸಿ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬಂದರೆ ದೊಡ್ಡ ಭಾಗ ಒಟ್ಟಿಗೇ ಬರುತ್ತದೆ. ಎಳೆದುಕೊಂಡು ಹೋಗಬೇಡಿ, ದಾರಿಯುದ್ದ ಬಿತ್ತುತ್ತೀರಿ. ಹಳೇ ಟಾರ್ಪಾಲಿನ ಮೇಲೆ ಹಾಕಿ ಎತ್ತಿಕೊಂಡು ಹೋಗಿ.

ಎಲ್ಲಿಗೆ? ಬಹಳ ಮಂದಿ ಸೋಲುವುದು ಇಲ್ಲೇ. ನಾನು ಮೊದಲ ಸಲ ಕಿತ್ತ ರಾಶಿಯನ್ನು ಹಳ್ಳದ ದಂಡೆಗೆ ಹಾಕಿಸಿದ್ದೆ. ಮುಂದಿನ ವರ್ಷ ಕೆಳಗಿನ ಮನೆಯವರ ತೋಟದ ಅಗಳದಲ್ಲಿ ಹಳದಿ ಹೂ. ಅವರ ಮುಖ ನೋಡಿ ಮಾತಾಡಲು ನನಗೆ ಆರು ತಿಂಗಳು ಬೇಕಾಯಿತು. ಹಸಿಯಾಗಿ ಗೊಬ್ಬರಗುಂಡಿಗೂ ಬೇಡ, ರಸ್ತೆ ಬದಿಗೂ ಬೇಡ. ತಾರಸಿ ಅಥವಾ ಬಂಡೆಯ ಮೇಲೆ ಹರಡಿ, ಮುರಿದರೆ ಚಟ್ ಎನ್ನುವವರೆಗೆ ಒಣಗಿಸಿ. ಆಮೇಲೆ ಬಚ್ಚಲ ಒಲೆಗೋ ಗೊಬ್ಬರಗುಂಡಿಗೋ, ನಿಮ್ಮಿಷ್ಟ.

ತೆಗೆದ ಜಾಗಕ್ಕೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ, ಮೇಲೆ ಒಂದು ಗೇಣು ದರಕು, ಅಂದರೆ ಒಣಗಿ ಉದುರಿದ ಎಲೆ, ಹೊದಿಸಿ. ಮುಂದಿನ ಮಳೆಗಾಲವಿಡೀ ಹದಿನೈದು ದಿನಕ್ಕೊಮ್ಮೆ ಸುತ್ತು ಹಾಕಿ. ನಮಗೆ ಪೂರ್ತಿ ಮುಗಿಯಲು ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಆಳು ಬೇಕಾಯಿತು, ಎರಡನೆಯ ವರ್ಷ ನಾನೊಬ್ಬಳೇ ಸಾಕಾದೆ, ಮೂರನೆಯ ವರ್ಷ ಹೂ ಕೊಯ್ಯಲು ಹೋದಾಗ ನಾಲ್ಕು ಕಂಡರೆ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದೆ. ದರೆಗೆ ಲಾವಂಚ ಹಾಕಿಸಿದೆವು. ಅದರ ಬೇರು ನೆಟ್ಟಗೆ ಕೆಳಕ್ಕಿಳಿಯುತ್ತದೆ, ಪಕ್ಕದವರ ಜಾಗ ಕೇಳುವುದಿಲ್ಲ. ಬಚ್ಚಲ ಮೂಲೆಗೆ ಒಂದೆಲಗವನ್ನು ಬೇರೆ ಮನೆಯಿಂದ ಬೇಡಿ ತಂದೆ. ನಿಮ್ಮ ಕಡೆ ತಿಮರೆ ಎನ್ನುತ್ತೀರಲ್ಲ, ಅದೇ. ಬಾವಿಕಟ್ಟೆಯ ಸುತ್ತ ಅದನ್ನು ನೆಡಿ.

ಭೃಂಗರಾಜದ ವಿಷಯ. ನಮ್ಮ ಗರುಗಕ್ಕೆ ಬಿಳಿ ಹೂ. ಹಳದಿ ಹೂವಿನ ಗರುಗವೂ ಒಂದಿದೆ, ವೆಡೇಲಿಯಾದ ಹತ್ತಿರದ ನೆಂಟ, ಗೊಂದಲ ಆಗುವುದು ಅದಕ್ಕೇ. ಅದರ ಎಲೆ ಸಪೂರ, ಸೀಳಿಲ್ಲದ್ದು. ನಿಮ್ಮ ಫೋಟೊದಲ್ಲಿ ಎಲೆಯ ಎರಡೂ ಬದಿಗೆ ಕಿವಿಯಂತೆ ಒಂದೊಂದು ಮೂಲೆ ಚಾಚಿ ಮೂರು ಹಾಲೆಯಾಗಿದೆ, ಮಿರಮಿರ ಮಿಂಚುತ್ತಿದೆ. ತಲೆಗೆ ಹಚ್ಚುವ ಎಣ್ಣೆಗೆ ಅಂದಾಜಿನ ಗಿಡ ಹಾಕಬೇಡಿ.

ಪ್ರಶ್ನೆ: ನಮ್ಮ ಪಕ್ಕದ ಖಾಲಿ ಸೈಟಿನ ತುಂಬ ಪಾರ್ಥೇನಿಯಂ. ಅಲ್ಲಿಂದ ನಮ್ಮ ಹೂದೋಟಕ್ಕೂ ಬಂದಿದೆ. ಕಿತ್ತ ದಿನ ಯಜಮಾನರ ಕೈ, ಕುತ್ತಿಗೆಯೆಲ್ಲ ದದ್ದು. ಉಪ್ಪುನೀರು ಹೊಡೆದರೆ ಸಾಯುತ್ತದೆಂದು ವಾಟ್ಸ್ಆ್ಯಪಿನಲ್ಲಿ ಬಂದಿದೆ. ನಿಜವೇ?
– ಶಿಕ್ಷಕಿ, ದಾವಣಗೆರೆ

ಉತ್ತರ: ನಿಜ. ನೂರು ಲೀಟರಿಗೆ ಹದಿನೈದು ಇಪ್ಪತ್ತು ಕಿಲೊ ಉಪ್ಪು ಕರಗಿಸಿ ಹೊಡೆದರೆ ಗಿಡ ಸುಟ್ಟುಹೋಗುತ್ತದೆ. ರಸ್ತೆ ಪಕ್ಕಕ್ಕೆ, ಏನೂ ಬೆಳೆಯದ ಬಯಲಿಗೆ ಹೇಳಿದ ಉಪಾಯ ಅದು. ಹೂದೋಟಕ್ಕೆ ಹೊಡೆದರೆ ಸೇವಂತಿಗೆಗೂ ಅದೇ ಗತಿ. ಪಾರ್ಥೇನಿಯಂ ಬೀಜ ಮತ್ತೆ ಹಾರಿ ಬರುತ್ತದೆ, ಹೋದ ಮಣ್ಣು ಬರುವುದಿಲ್ಲ.

ಇದು ನಮ್ಮ ದೇಶದಲ್ಲಿ ಜನರ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಪುಣೆಯಲ್ಲಿ. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತು ಎಂಬ ಮಾತಿದೆ. ಆಗ ಆಳುತ್ತಿದ್ದ ಪಕ್ಷದ ಹೆಸರು ಅದಕ್ಕೆ ಅಂಟಿ ಕಾಂಗ್ರೆಸ್ ಗಿಡವಾಯಿತು. ತಮಾಷೆಯೆಂದರೆ ಕರಾವಳಿಯಲ್ಲಿ ಇನ್ನೊಂದು ಪರದೇಶಿ ಗಿಡ, ಯುಪಟೋರಿಯಂ, ಕಮ್ಯುನಿಸ್ಟ್ ಗಿಡ ಎನ್ನಿಸಿಕೊಂಡಿದೆ. ಕಳೆಗೆ ಹೆಸರಿಡುವಾಗ ನಮ್ಮ ಜನ ಯಾವ ಪಕ್ಷಕ್ಕೂ ಅನ್ಯಾಯ ಮಾಡಿಲ್ಲ.

ಒಂದು ಗಿಡ ಹತ್ತು ಹದಿನೈದು ಸಾವಿರ ಬೀಜ ಉದುರಿಸಬಲ್ಲದು. ಆದ್ದರಿಂದ ಲೆಕ್ಕ ಇಷ್ಟೇ: ಹೂವಿಗೆ ಮೊದಲು. ಮಳೆ ಬಿದ್ದ ಮಾರನೇ ದಿನ, ಗಿಡ ಇನ್ನೂ ನೆಲಕ್ಕೆ ತಟ್ಟೆಯಂತೆ ಎಲೆ ಹರಡಿಕೊಂಡಿರುವಾಗ, ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಹೂವಿಲ್ಲದ್ದನ್ನು ಗೊಬ್ಬರಕ್ಕೆ ಹಾಕಬಹುದು. ಬಿಳಿ ಹೂ ಕಂಡಿತೋ, ಗುಂಡಿಗೆ ಬೇಡ. ಯಜಮಾನರನ್ನು ಈ ಕೆಲಸದಿಂದ ಬಿಡಿಸಿಬಿಡಿ. ಒಮ್ಮೆ ದದ್ದು ಎದ್ದವರಿಗೆ ಮುಂದಿನ ಸಲ ಹೆಚ್ಚೇ ಏಳುತ್ತದೆ. ನೀವೂ ತುಂಬುತೋಳಿನ ಅಂಗಿ, ಕೈಗೆ ರಬ್ಬರ್ ಗವಸು ಹಾಕಿಕೊಂಡೇ ಇಳಿಯಿರಿ, ಆ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ನೆನೆಹಾಕಬೇಡಿ. ದದ್ದು ಇಳಿಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಸೈಟಿನವರು ಎಲ್ಲೋ ದೂರ ಇರುತ್ತಾರೆ, ಫೋನು ಎತ್ತುವುದಿಲ್ಲ, ಅದೂ ಗೊತ್ತು. ಅವರ ಅಪ್ಪಣೆ ಸಿಕ್ಕಿದರೆ ಮಳೆಗೆ ಮುಂಚೆ ಅಲ್ಲಿ ತಗಚೆ ಬೀಜ ಎರಚಿ. ದಟ್ಟವಾಗಿ ಎದ್ದರೆ ಪಾರ್ಥೇನಿಯಂಗೆ ಬಿಸಿಲು ಸಿಗದಂತೆ ಮಾಡುತ್ತದೆ. ಎಳೆ ಚಿಗುರು ಪಲ್ಯಕ್ಕಾಗುತ್ತದೆ. ಆಟಿ ತಿಂಗಳಲ್ಲಿ ತುಳುವರು ತಜಂಕ್ ಎಂದು ಹುಡುಕಿ ತಿನ್ನುವುದು ಇದನ್ನೇ. ಬೀಜ ಕೊಳ್ಳುವುದೇನೂ ಬೇಡ, ಮಳೆಗಾಲ ಕಳೆದ ಮೇಲೆ ರಸ್ತೆ ಬದಿಯಲ್ಲಿ ಕಾಯಿ ಒಣಗಿ ನಿಂತಿರುತ್ತದೆ, ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ.

ಇನ್ನೊಂದು. ಪಾರ್ಥೇನಿಯಂ ಎಲೆಯ ಮೇಲೆ ಹೆಸರುಕಾಳಿಗಿಂತ ತುಸು ದೊಡ್ಡ, ಬಿಳಿಚು ಬೆನ್ನಿನ ಮೇಲೆ ಕಪ್ಪು ಗೀಟು ಎಳೆದಂಥ ದುಂಬಿ ಕಂಡರೆ ಹೊಸಕಬೇಡಿ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ ಅದು. ಒಣಗಾಲದಲ್ಲಿ ಮಣ್ಣೊಳಗೆ ಮಲಗಿ ಮಳೆಗೆ ಏಳುತ್ತದೆ. ಪೂರ್ತಿ ಮುಗಿಸುವ ಶಕ್ತಿ ಅದಕ್ಕಿಲ್ಲ, ಆದರೆ ಸಂಬಳವಿಲ್ಲದೆ ದುಡಿಯುವ ಆಳನ್ನು ಯಾರು ಬಿಡುತ್ತಾರೆ?

ಪ್ರಶ್ನೆ: ತರಕಾರಿ ಮಡಿಯಲ್ಲೂ ತಾರಸಿಯ ಕುಂಡದಲ್ಲೂ ಕೊನ್ನಾರಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಚುಚ್ಚಿಕೊಂಡು ಮೇಲೆ ಬಂತು. ಅಂಗಡಿಯವರು ಗ್ಲೈಫೋಸೇಟ್ ಎಂಬ ಕಳೆನಾಶಕ ಕೊಡುತ್ತೇನೆ ಎನ್ನುತ್ತಾರೆ. ತರಲೇ?
– ನಿವೃತ್ತ ಬ್ಯಾಂಕ್ ನೌಕರ, ಬೆಂಗಳೂರು

ಉತ್ತರ: ಬೇಡ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಂತೆ ಅದನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರೇ ಬಳಸಬೇಕು. ಕಾಯಿದೆ ಒತ್ತಟ್ಟಿಗಿರಲಿ, ಕೊತ್ತಂಬರಿ ಬಿತ್ತುವ ಕುಂಡಕ್ಕೆ ವಿಷ ಯಾಕೆ?

ಕೊನ್ನಾರಿ ಪರದೇಶಿಯಲ್ಲ, ಇಲ್ಲಿನದೇ. ಆಯುರ್ವೇದದಲ್ಲಿ ಮುಸ್ತಾ, ಭದ್ರಮುಷ್ಟಿ. ಗಡ್ಡೆ ಒಡೆದು ಮೂಸಿ ನೋಡಿ, ಅರ್ಧ ಕಚ್ಚೂರ ಅರ್ಧ ಕೆಸರಿನಂಥ ಒಳ್ಳೆಯ ವಾಸನೆ. ಮನೆಯವನೇ ಕಾಟ ಕೊಟ್ಟರೆ ಓಡಿಸುವುದು ಕಷ್ಟ, ಹಾಗೆ ಇದು.

ಎಲೆ ಕಿತ್ತಾಗ ಪಟ್ ಎಂದು ತುಂಡಾಗಿ ಗಡ್ಡೆ ಒಳಗೇ ಉಳಿಯುತ್ತದೆ. ಅಗೆದರೆ ಇನ್ನೊಂದು ತಮಾಷೆ. ಗಡ್ಡೆಗಳು ತಂತಿಯಂಥ ಬೇರಿನಲ್ಲಿ ಪೋಣಿಸಿದ ಮಣಿಗಳು. ತುದಿಯದು ಎದ್ದಿರುವಾಗ ಹಿಂದಿನವು ಸುಮ್ಮನೆ ನಿದ್ದೆ ಮಾಡುತ್ತಿರುತ್ತವೆ. ಗುದ್ದಲಿ ಬಿದ್ದು ಸರ ಹರಿಯಿತೋ, ಒಂದೊಂದು ಮಣಿಯೂ ಯಜಮಾನನೇ. ಅದಕ್ಕೇ ಅಗೆದ ಮಡಿಯಲ್ಲಿ ಅಗೆಯದ ಮಡಿಗಿಂತ ಹೆಚ್ಚು ಮೊಳಕೆ.

ಕುಂಡದ್ದು ಸುಲಭ. ಮಣ್ಣು ಸುರಿದು, ಜಲ್ಲಿ ಜರಡಿಯಲ್ಲಿ ಸೋಸಿ, ಗಡ್ಡೆ ಆರಿಸಿ. ಉಳಿದ ಮಣ್ಣನ್ನು ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ ಎರಡು ಬೆರಳು ದಪ್ಪ ಹರಡಿ ಎರಡು ವಾರ ಕಾಯಿಸಿ, ದಿನಕ್ಕೊಮ್ಮೆ ಕೈಯಾಡಿಸಿ. ಗಡ್ಡೆ ಒಣಗಿದರೆ ಸಾಯುತ್ತದೆ. ಮಡಿಗೆ ಬೇಕಾದ್ದು ನೆರಳು. ಕೊನ್ನಾರಿಗೆ ನೆರಳು ಆಗದು. ಒಂದು ಹಂಗಾಮು ತರಕಾರಿ ಆಸೆ ಬಿಟ್ಟು ಗೆಣಸಿನ ಬಳ್ಳಿ ಹಬ್ಬಿಸಿ. ಬಳ್ಳಿ ಮುಚ್ಚುವವರೆಗೆ, ಎರಡು ವಾರಕ್ಕೊಮ್ಮೆ, ಎದ್ದದ್ದನ್ನು ಚೂಪು ಕಡ್ಡಿಯಿಂದ ಬುಡ ಸಡಿಲಿಸಿ ತೆಗೆಯಿರಿ. ಮೂರು ನಾಲ್ಕು ವಾರ ಬಿಟ್ಟರೆ ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ಬ್ಯಾಂಕಿನಲ್ಲಿ ಇದ್ದವರಿಗೆ ಕಂತು ತಪ್ಪಿದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಪ್ರಶ್ನೆ: ಅಜ್ಜನ ಕಾಲದಿಂದ ಹಿತ್ತಲ ಬೇಲಿ ಲಂಟಾನದ್ದು. ಹಾವು, ಹಂದಿ ಎಲ್ಲ ಅದರೊಳಗೆ. ಕಡಿದು ಬೆಂಕಿ ಹಾಕಿದರೂ ಚಿಗುರುತ್ತದೆ. ತೆಗೆದರೆ ಆಡು ದನ ನುಗ್ಗುತ್ತವೆ.
– ಕೃಷಿಕ, ಅರಕಲಗೂಡು

ಉತ್ತರ: ಬೆಂಕಿ ಇಡುವುದೆಂದರೆ ಲಂಟಾನಕ್ಕೆ ಕ್ಷೌರ ಮಾಡಿಸಿದ ಹಾಗೆ. ಅದರ ಜೀವ ಬುಡದಲ್ಲಿದೆ. ಕಾಂಡ ಮಣ್ಣು ಸೇರುವ ಕಡೆ ಒಂದು ಗಂಟಿರುತ್ತದೆ, ಚಿಗುರೆಲ್ಲ ಅಲ್ಲಿಂದ. ಮೇಲಿನ ಸೊಪ್ಪು ಸವರಿ, ಬುಡದ ಮಣ್ಣು ಕೆದರಿ, ಆ ಗಂಟಿನ ಕೆಳಗೆ ಎರಡು ಮೂರು ಬೆರಳು ಬಿಟ್ಟು ತಾಯಿಬೇರನ್ನು ಕತ್ತರಿಸಿ, ಹಾರೆಯಿಂದ ಮೀಟಿ ತೆಗೆಯಿರಿ. ತೆಗೆದ ಬುಡವನ್ನು ತಲೆಕೆಳಗಾಗಿ, ಬೇರು ಆಕಾಶಕ್ಕೆ ಮಾಡಿ ಇಡಿ. ಮಣ್ಣಿಗೆ ತಾಗಿದರೆ ಮತ್ತೆ ಹಿಡಿಯುತ್ತದೆ.

ಇಡೀ ಬೇಲಿಯನ್ನು ಒಂದೇ ಸಲ ಕೆಡವಬೇಡಿ. ಮೃಗಶಿರಾ ಮಳೆಗೆ ಹತ್ತು ಮಾರು ತೆಗೆದು ಆ ಸಂದಿಗೆ ಲಕ್ಕಿ, ಆಡುಸೋಗೆ ಕಡ್ಡಿ ಒತ್ತೊತ್ತಾಗಿ ಊರಿ. ಎರಡನ್ನೂ ಆಡು ಮೂಸಿ ನೋಡಿ ಬಿಡುತ್ತದೆ. ಅವು ಸೊಂಟದೆತ್ತರ ಆದ ಮೇಲೆ ಮುಂದಿನ ಹತ್ತು ಮಾರು. ಅಷ್ಟರವರೆಗೆ ಕಡಿದ ಲಂಟಾನದ ಒಣ ಕೊಂಬೆಯನ್ನೇ ಸಂದಿಗೆ ಅಡ್ಡ ಹಾಕಿ. ದಪ್ಪ ಕೋಲು ಬಂದರೆ ಸುಡಬೇಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ ಮಾಡುತ್ತಾರೆ, ಬೆತ್ತಕ್ಕೇನೂ ಕಡಿಮೆಯಿಲ್ಲ. ನಿಮಗೆ ಕುರ್ಚಿ ಬಾರದಿದ್ದರೆ ಅವರೆ ಚಪ್ಪರಕ್ಕೆ ಊರುಗೋಲಾದರೂ ಆಗುತ್ತದೆ.

ಮುಂದಿನ ವರ್ಷ ನೀವು ನೋಡಬೇಕಾದ ಜಾಗ ಬೇಲಿಯಲ್ಲ, ಮಾವಿನ ಮರದ ಅಡಿ ಮತ್ತು ಕರೆಂಟು ತಂತಿಯ ಕೆಳಗೆ. ಪಿಕಳಾರ ಹಣ್ಣು ತಿಂದು ಕೂರುವುದು ಅಲ್ಲಿ, ಬಿತ್ತುವುದೂ ಅಲ್ಲಿಯೇ. ಹಸಿ ಸೊಪ್ಪನ್ನು ದನದ ಮುಂದೆ ಹಾಕಬೇಡಿ, ಪಿತ್ತಜನಕಾಂಗಕ್ಕೆ ಹೊಡೆದು ಬಿಸಿಲಿಗೆ ಬಂದರೆ ಚರ್ಮ ಸುಲಿಯುತ್ತದೆ.

ಪ್ರಶ್ನೆ: ಮುಟ್ಟಿದರೆ ಮುನಿಯೂ ಹೊರದೇಶದ್ದಂತೆ? ನಮ್ಮಲ್ಲಿ ಒಂದು ಮೂಲೆಯಲ್ಲಿದೆ, ಮಗಳಿಗೆ ಇಷ್ಟ. ಕೀಳಬೇಕೇ?
– ತಾಯಿ, ಶಿರಸಿ

ಉತ್ತರ: ಅಮೆರಿಕದ್ದೇ. ನಮ್ಮ ಗಾದೆಗಳಲ್ಲಿ ಹೊಕ್ಕು ಕೂತದ್ದರಿಂದ ನಂಬಲು ಕಷ್ಟ. ತೋಟದಲ್ಲಿದ್ದರೆ ಬರಿಗಾಲಿನವರ ಶತ್ರು, ಕಿತ್ತುಹಾಕಿ. ಮಗಳದ್ದನ್ನು ಕುಂಡಕ್ಕೆ ವರ್ಗ ಮಾಡಿ. ಗುಲಾಬಿ ಹೂ ಒಣಗಿ ಮುಳ್ಳುಮುಳ್ಳಾದ ಕಾಯಿಗೊಂಚಲು ಕಟ್ಟುತ್ತದಲ್ಲ, ಅದನ್ನು ಬಲಿಯುವ ಮೊದಲೇ ಕತ್ತರಿಸುವ ಕೆಲಸ ಅವಳಿಗೇ ವಹಿಸಿ.

ಪ್ರಶ್ನೆ: ಹದಿನೈದು ವರ್ಷದ ಹಿಂದೆ ಇದೇ ಅಂಕಣದಲ್ಲಿ ‘ಮೇವಿಗೂ ಬೇಲಿಗೂ ಸುಬಾಬುಲ್ ನೆಡಿ’ ಎಂದು ಬರೆದಿದ್ದಿರಿ. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಈಗ ನಮ್ಮ ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲ. ಯಾರು ಜವಾಬ್ದಾರಿ?
– ಹಳೆಯ ಓದುಗ, ಹಾವೇರಿ

ಉತ್ತರ: ನಾನೇ. ಬರೆದದ್ದು ನೆನಪಿದೆ. ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು ಎನ್ನಬಹುದಿತ್ತು, ಆದರೆ ನೀವು ದುಡ್ಡು ಕೊಟ್ಟು ಓದಿದ್ದು ಎಲ್ಲರನ್ನಲ್ಲ.

ಸುಬಾಬುಲ್ ವರ್ಷವಿಡೀ ಕಾಯಿ ಬಿಡುತ್ತದೆ, ಒಂದೊಂದು ಕಾಯಿಯಲ್ಲಿ ಹದಿನೈದಿಪ್ಪತ್ತು ಬೀಜ. ನೆಲದೊಳಗೆ ಬಿದ್ದ ಬೀಜ ವರ್ಷಗಟ್ಟಲೆ ಕಾಯುತ್ತದೆ. ಆದ್ದರಿಂದ ಮೊದಲು ಸಸಿಯ ಹಿಂದೆ ಓಡಬೇಡಿ, ತಾಯಿಮರಕ್ಕೆ ಹೋಗಿ. ಬರೀ ಕಡಿದರೆ ಬುಡದಿಂದ ಹತ್ತು ಕೊಂಬೆ ಏಳುತ್ತದೆ. ಕಡಿಯುವ ಮುಂಚೆ ಎದೆಯೆತ್ತರದಿಂದ ಕೆಳಗೆ ಮಣ್ಣಿನವರೆಗೂ ತೊಗಟೆ ಸುತ್ತ ಸುಲಿದು ಬಿಡಿ, ಹಸಿರು ಪೊರೆ ಚೂರೂ ಉಳಿಯದಂತೆ. ಮರ ನಿಂತಲ್ಲೇ ಸೊರಗಿದ ಮೇಲೆ ಕಡಿಯಿರಿ. ಚಿಗುರು ಬಂದರೆ ಮೊಳದುದ್ದ ಆಗಲು ಬಿಡದೆ ಮುರಿಯಿರಿ. ಒಂದೆರಡು ವರ್ಷಕ್ಕೆ ಬುಡದ ಕಸುವು ಮುಗಿಯುತ್ತದೆ. ಸಸಿಯನ್ನು ಗೇಣುದ್ದದೊಳಗೆ ಕಿತ್ತರೆ ಕೈಗೇ ಬರುತ್ತದೆ, ಮೊಣಕಾಲೆತ್ತರ ಆದರೆ ಹಾರೆ ಬೇಕು.

ಕಿತ್ತ ಸೊಪ್ಪನ್ನು ಮೇವಿಗೆ ಹಾಕಬಹುದು, ಒಟ್ಟು ಮೇವಿನ ಮೂರರಲ್ಲೊಂದು ಪಾಲು ಮೀರದಂತೆ. ಅದರಲ್ಲಿರುವ ಮಿಮೋಸಿನ್ ಹೆಚ್ಚಾದರೆ ದನಕ್ಕೆ ಕೂದಲುದುರುತ್ತದೆ. ಈ ಮಾತನ್ನು ಆಗಲೇ ಬರೆಯಬೇಕಿತ್ತು.

ನಮ್ಮ ಕೊಟ್ಟಿಗೆಯ ಹಿಂದೆಯೂ ಒಂದು ಇದೆ, ಆ ಲೇಖನದ ಜೊತೆಗೇ ನೆಟ್ಟದ್ದು. ಆಡು ಸೊಪ್ಪಿಗಾಗುತ್ತದೆ ಎಂದು ಇಟ್ಟುಕೊಂಡಿದ್ದೆ. ನಿಮ್ಮ ಪತ್ರ ಬಂದ ದಿನ ತೊಗಟೆ ಸುಲಿಸಿದೆ. ಕೊಡಲಿಯವನು ಗದ್ದೆ ನಾಟಿ ಮುಗಿಸಿ ಬರುತ್ತೇನೆ ಎಂದಿದ್ದಾನೆ.